‘ಇಷ್ಟೊಂದು ಕೈಮುಗಿದು ಬರೆದೋರಿಗೆ ಸ್ವಾಭಿಮಾನ ಇರ್ಲಿಲ್ವಾ?’ ಅಂತ ಎಲ್ಲರೂ ಕೇಳ್ತಾರೆ, ನನ್ನ ಉತ್ತರ

ಡಬ್ಲಿನ್‌ಗೆ ನೆಂಟರು ಬರ್ಲಿ, ಊರಿಂದ ಓದೋಕೆ ಬಂದ ಹುಡುಗ್ರು ಬರ್ಲಿ, ಎಲ್ಲರನ್ನೂ ಒಂದ್ಸಲ ಡಬ್ಲಿನ್ ಕ್ಯಾಸಲ್‌ಗೆ, ಅಂದ್ರೆ ಬ್ರಿಟಿಷರು ಐರ್ಲೆಂಡನ್ನ ಆಳ್ತಿದ್ದ ಕೋಟೆಗೆ ಕರ್ಕೊಂಡು ಹೋಗ್ತೀನಿ. ಒಳಗಿನ ಅಲಂಕಾರದ ಹಾಲ್‌ಗಳಿಗಿಂತ ಜಾಸ್ತಿ ಹೊತ್ತು ನಾನು ನಿಲ್ಲಿಸೋದು ಕೆಳಗಿನ ಅಂಗಳದಲ್ಲಿರೋ ದುಂಡನೆ ಹಳೇ ಗೋಪುರದ ಎದುರು, ಅದಕ್ಕೆ ರೆಕಾರ್ಡ್ ಟವರ್ ಅಂತಾರೆ. ಇನ್ನೂರು ವರ್ಷದ ಹಿಂದೆ ಐರ್ಲೆಂಡಿನ ಬಡವರು ಸರ್ಕಾರಕ್ಕೆ ಬರೆದ ಅರ್ಜಿಗಳು ಬಹಳ ಕಾಲ ಇದರೊಳಗೇ ಇದ್ವು ಅಂತ ಹೇಳಿ ಫೋನಲ್ಲಿ ಒಂದೆರಡರ ಸಾರಾಂಶ ತೋರಿಸ್ತೀನಿ, ಓದಿದವರೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಕೇಳ್ತಾರೆ. ಐರಿಶ್ ಜನ ಅಂದ್ರೆ ಬ್ರಿಟಿಷರ ವಿರುದ್ಧ ಎದ್ದು ನಿಂತೋರು ಅಂತ ಕೇಳಿದೀವಿ, ಇದೇನಿದು ಹೀಗೆ ಕಾಲಿಗೆ ಬಿದ್ದು ಬರ್ದಿದಾರೆ, ಇವರಿಗೆ ಸ್ವಾಭಿಮಾನ ಇರ್ಲಿಲ್ವಾ?

ಇತ್ತು. ಆ ಕಾಗದಗಳನ್ನ ಎಷ್ಟು ಓದ್ತೀನೋ ಅಷ್ಟು ಗಟ್ಟಿಯಾಗಿ ಹೇಳ್ತೀನಿ, ಅದು ಭಿಕ್ಷೆ ಕೇಳಿದ್ದಲ್ಲ, ಲೆಕ್ಕ ಕೇಳಿದ್ದು. ಆದ್ರೆ ಅದು ಕಾಣ್ಬೇಕು ಅಂದ್ರೆ ಮೊದಲ ಸಾಲು, ಕೊನೆ ಸಾಲು ಬಿಟ್ಟು ನಡುವಿನ ಭಾಗ ಓದ್ಬೇಕು.

ಆ ಕಾಲ ಹೆಂಗಿತ್ತು ಅಂತ ಸ್ವಲ್ಪ ಹೇಳ್ತೀನಿ. 1801ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟನ್ನೇ ಮುಚ್ಚಿ ಲಂಡನ್ ಜೊತೆ ಸೇರಿಸಿಬಿಟ್ರು. ಡಬ್ಲಿನ್‌ನಲ್ಲಿ ಉಳಿದಿದ್ದು ರಾಜನ ಪ್ರತಿನಿಧಿ ಲಾರ್ಡ್ ಲೆಫ್ಟಿನೆಂಟು, ಆತನ ಚೀಫ್ ಸೆಕ್ರೆಟರಿ, ಮತ್ತೆ ಅವರ ಕಚೇರಿ. ಜನಸಂಖ್ಯೆಯ ಬಹುಪಾಲು ಕ್ಯಾಥೊಲಿಕ್ಕರು, ಆದ್ರೆ 1829ರ ತನಕ ಒಬ್ಬ ಕ್ಯಾಥೊಲಿಕ್ ಪಾರ್ಲಿಮೆಂಟಲ್ಲಿ ಕೂರೋಹಾಗಿರ್ಲಿಲ್ಲ, ಆ ಹಕ್ಕು ಕೊಟ್ಟ ವರ್ಷವೇ ಜಿಲ್ಲೆಗಳಲ್ಲಿ ವೋಟು ಹಾಕೋಕೆ ಬೇಕಾದ ಆಸ್ತಿಯ ಮಿತಿಯನ್ನ 40 ಶಿಲ್ಲಿಂಗ್‌ನಿಂದ 10 ಪೌಂಡ್‌ಗೆ ಏರಿಸಿ ಸಣ್ಣ ರೈತರ ವೋಟು ಕಿತ್ಕೊಂಡ್ರು. ಜಮೀನ್ದಾರನೇ ಊರಿನ ಮ್ಯಾಜಿಸ್ಟ್ರೇಟೂ ಆಗಿರ್ತಿದ್ದ ಜಾಗಗಳು ಬೇಕಾದಷ್ಟಿದ್ವು, ಅಂದ್ರೆ ಗೇಣಿ ವಸೂಲಿ ಮಾಡೋನೂ ಅವನೇ, ತೀರ್ಪು ಕೊಡೋನೂ ಅವನೇ. ಅವನನ್ನ ದಾಟಿ ಮೇಲಿನವರಿಗೆ ನೇರವಾಗಿ ಮಾತು ಮುಟ್ಟಿಸೋಕೆ ಒಬ್ಬ ಕೂಲಿಯವನ ಹೆಂಡತಿಗೆ ಇದ್ದ ದಾರಿ ಒಂದು ಹಾಳೆ ಕಾಗದ.

ಆ ಹಾಳೆ ಬರೆಯೋದು ಯಾರು? 1841ರ ಜನಗಣತಿ ಪ್ರಕಾರ ಐದು ವರ್ಷ ದಾಟಿದವರಲ್ಲಿ ನೂರಕ್ಕೆ 53 ಜನಕ್ಕೆ ಓದೋಕೂ ಬರೆಯೋಕೂ ಬರ್ತಿರ್ಲಿಲ್ಲ, ಪಶ್ಚಿಮದ ಕಾನಾಕ್ಟ್ ಪ್ರಾಂತ್ಯದಲ್ಲಿ 72. ಆ ಕಡೆ ಎಷ್ಟೋ ಜನರ ಮನೆಮಾತು ಐರಿಶ್, ಇಂಗ್ಲಿಷಲ್ಲ. ಹಾಗಾಗಿ ಅವರು ಹೋಗ್ತಿದ್ದಿದ್ದು ಚರ್ಚಿನ ಪಾದ್ರಿ ಹತ್ರ, ಇಲ್ಲಾಂದ್ರೆ ಬೇಲಿಶಾಲೆ ಮೇಷ್ಟ್ರ ಹತ್ರ. ಬೇಲಿಶಾಲೆ ಅಂದ್ರೆ ನಮ್ಮ ಹಳೇ ಕೂಲಿಮಠದ ಥರ, ಅಪ್ಪ ಅಮ್ಮ ಕಾಸೋ ಆಲೂಗಡ್ಡೆಯೋ ಕೊಟ್ಟು ಕಳಿಸ್ತಿದ್ದ ಖಾಸಗಿ ಶಾಲೆ, ಕ್ಯಾಥೊಲಿಕ್ ಮೇಷ್ಟ್ರುಗಳಿಗೆ ಪಾಠ ಹೇಳೋಕೆ ಕಾನೂನಿನ ಅಡ್ಡಿ ಇದ್ದ ಕಾಲದಲ್ಲಿ ಬೇಲಿ ಮರೆಯಲ್ಲಿ ನಡೀತಿದ್ದಕ್ಕೆ ಆ ಹೆಸರು. ಹೆಂಗಸು ಐರಿಶಲ್ಲಿ ಗೋಳು ಹೇಳ್ಕೋತಾಳೆ, ಮೇಷ್ಟ್ರು ಅದನ್ನ ಕೇಳಿ ಇಂಗ್ಲಿಷಿಗೆ ತಿರುಗಿಸಿ ಕೋರ್ಟಿನ ಭಾಷೆಯಲ್ಲಿ ಬರೀತಾರೆ, ‘ನಾನು’ ಅನ್ನೋ ಮಾತೇ ಇರಲ್ಲ, ಉದ್ದಕ್ಕೂ ‘ಅರ್ಜಿದಾರಳು’, ಮೊದಲಲ್ಲಿ ಅತ್ಯಂತ ವಿನಯಪೂರ್ವಕ ಅರ್ಜಿ, ಕೊನೆಗೆ ಅರ್ಜಿದಾರಳು ಕರ್ತವ್ಯಬದ್ಧಳಾಗಿ ಸದಾ ಪ್ರಾರ್ಥಿಸುತ್ತಾಳೆ, ಅದರ ಕೆಳಗೆ ಹೆಸರಿನ ಪಕ್ಕ ಒಂದು ಕ್ರಾಸ್ ಗುರುತು. ನೀವು ಕಾಲಿಗೆ ಬಿದ್ದಿದಾರೆ ಅಂತ ಹೇಳೋದು ಈ ಮೊದಲನೇದು ಮತ್ತು ಕೊನೇದನ್ನ ನೋಡಿ. ಅದು ಆ ಹೆಂಗಸಿನ ಮಾತೇ ಅಲ್ಲ, ಅದು ಅರ್ಜಿಯ ನಮೂನೆ, ಲಾರ್ಡುಗಳು ರಾಜನಿಗೆ ಬರೆದ್ರೂ ಅದೇ ಬಾಗೋ ಭಾಷೆ. ಈಗ ನಾವೂ ‘ತಮ್ಮ ವಿಶ್ವಾಸಿ’ ಅಂತ ಸಹಿ ಹಾಕ್ತೀವಲ್ಲ, ಅಷ್ಟೇ ಅದರ ತೂಕ. ಆ ಕ್ರಾಸ್ ಗುರುತು ಮಾತ್ರ ಅವಳ ಕೈಯದು, ನಂಗೆ ಪ್ರತಿ ಸಲ ಕಣ್ಣು ನಿಲ್ಲೋದು ಅಲ್ಲೇ.

ಇನ್ನು ನಡುವಿನ ಭಾಗ. ಅಲ್ಲಿ ಸಿಗೋದು ವಾದ. ನನ್ನ ಗಂಡ ನಿಮ್ಮ ಸೈನ್ಯದಲ್ಲಿ ಇಷ್ಟು ವರ್ಷ ದುಡಿದ, ಪಿಂಚಣಿ ಎಲ್ಲಿ? ನಮ್ಮೂರಲ್ಲಿ ಜ್ವರ, ಆಸ್ಪತ್ರೆಗೆ ದುಡ್ಡು ಕೊಡ್ತೀವಿ ಅಂತ ಕಾನೂನು ಮಾಡಿದೀರಿ, ಕೊಡಿ. ಮಗನ ಮೇಲೆ ಸಾಕ್ಷಿ ಹೇಳಿದವನಿಗೂ ನಮಗೂ ಮೊದಲಿಂದ ಜಗಳ ಇತ್ತು, ವಿಚಾರಿಸಿ ನೋಡಿ. ಸೈನ್ಯದ ಮಾತು ಸುಮ್ನೆ ಎತ್ತಿದ್ದಲ್ಲ, 1830ರ ಹೊತ್ತಿಗೆ ಬ್ರಿಟಿಷ್ ಸೈನ್ಯದ ಸಾಮಾನ್ಯ ಸಿಪಾಯಿಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಜನ ಐರಿಶರು, ಅದಕ್ಕೂ ಮೊದಲೇ, ನೆಪೋಲಿಯನ್ ಯುದ್ಧ 1815ರಲ್ಲಿ ಮುಗಿದು ಸಿಪಾಯಿಗಳು ವಾಪಸ್ ಬಂದಾಗ ಸಾಮ್ರಾಜ್ಯ ಇವರಿಗೆ ನಿಜವಾಗ್ಲೂ ಬಾಕಿ ಇಟ್ಕೊಂಡಿತ್ತು. ಕಳ್ಳಭಟ್ಟಿ ವಿಷಯ ಇನ್ನೊಂದು. ಒಂದು ಊರಿನ ಜಾಗದಲ್ಲಿ ಭಟ್ಟಿ ಸಿಕ್ರೆ ಯಾರದು ಅಂತ ಗೊತ್ತಾಗದಿದ್ರೂ ಇಡೀ ಊರಿಗೆ ದಂಡ ಹಾಕ್ತಿದ್ರು, ಕಾಯಿಸದೇ ಇರೋನೂ ಕಟ್ಬೇಕು. ಡೊನೆಗಾಲ್ ಕಡೆಯಿಂದ ಇದರ ವಿರುದ್ಧ ಹೋದ ಮನವಿಗಳಲ್ಲಿ ಇದ್ದಿದ್ದು ಒಬ್ಬನ ತಪ್ಪಿಗೆ ಊರನ್ನೇ ಶಿಕ್ಷಿಸೋದು ಯಾವ ನ್ಯಾಯ ಅನ್ನೋ ಪ್ರಶ್ನೆ. ಅದನ್ನ ಗುಲಾಮ ಕೇಳಲ್ಲ.

1822ರ ಬರಗಾಲದ ಕಾಗದಗಳು ನಂಗೆ ತುಂಬಾ ಹತ್ರ. 1821ರಲ್ಲಿ ಮಳೆ ನಿಲ್ದೆ ಆಲೂಗಡ್ಡೆ ಕೊಳೀತು, ಮರುವರ್ಷದ ಬೇಸಿಗೆ ಹೊತ್ತಿಗೆ ಮೇಯೋ, ಗಾಲ್ವೇ, ಕ್ಲೇರ್, ಕೆರ್ರಿ ಕಡೆ ಹಸಿವು, ಜ್ವರ. ಹಲವು ಕಡೆ ಕ್ಯಾಥೊಲಿಕ್ ಪಾದ್ರಿಯೂ ಪ್ರಾಟೆಸ್ಟೆಂಟ್ ಪಾದ್ರಿಯೂ ಒಂದೇ ಸಮಿತಿಯಲ್ಲಿ ಕೂತು ಒಂದೇ ಕಾಗದಕ್ಕೆ ಸಹಿ ಹಾಕಿದಾರೆ. ಅನ್ನ ಕೇಳಿದ್ದಾರೆ, ಆದ್ರೆ ಅದರಷ್ಟೇ ಕೆಲಸಾನೂ ಕೇಳಿದ್ದಾರೆ, ನಮ್ಮೂರಿಗೆ ರಸ್ತೆ ಹಾಕ್ಸಿ, ದೋಣಿ ನಿಲ್ಲಿಸೋಕೆ ಕಟ್ಟೆ ಕಟ್ಸಿ, ನಾವೇ ಕಲ್ಲು ಹೊರ್ತೀವಿ ಅಂತ. ಸರ್ಕಾರ ಅಲೆಕ್ಸಾಂಡರ್ ನಿಮ್ಮೋ ಅನ್ನೋ ಎಂಜಿನಿಯರನ್ನ ಪಶ್ಚಿಮಕ್ಕೆ ಕಳಿಸಿದ್ದು ಆ ವರ್ಷವೇ, ಆಗ ಶುರುವಾದ ರಸ್ತೆಗಳಲ್ಲಿ ಇವತ್ತೂ ಜನ ಓಡಾಡ್ತಾರೆ, ಕಾನೆಮಾರಾ ಕರಾವಳಿಯಲ್ಲಿ ಅವನ ಕಾಲದ ಕಟ್ಟೆಗಳ ಮೇಲೆ ನಾನೇ ನಿಂತಿದೀನಿ.

ಈಗ ಬಂಡಾಯದ ಮಾತು. ಅದೇ 1821ರಿಂದ 1824ರವರೆಗೆ ಲಿಮರಿಕ್, ಕಾರ್ಕ್ ಸುತ್ತಮುತ್ತ ‘ಕ್ಯಾಪ್ಟನ್ ರಾಕ್’ ಅನ್ನೋ ಹೆಸರಲ್ಲಿ ರೈತರ ಗುಂಪುಗಳು ರಾತ್ರಿ ಎದ್ದಿದ್ವು. ಗೇಣಿ ಏರಿಸಿದವನ ಬಾಗಿಲಿಗೆ, ಪ್ರಾಟೆಸ್ಟೆಂಟ್ ಚರ್ಚಿಗೆ ದಶಾಂಶ ಅಂತ ಬೆಳೆಯ ಹತ್ತರಲ್ಲೊಂದು ಪಾಲು ವಸೂಲಿ ಮಾಡೋನ ಬಾಗಿಲಿಗೆ ಬೆದರಿಕೆ ನೋಟೀಸು, ಕೆಳಗೆ ಕ್ಯಾಪ್ಟನ್ ರಾಕ್ ಅಂತ ಸಹಿ. ಎಷ್ಟೋ ನೋಟೀಸುಗಳು ಸರ್ಕಾರಿ ಆಜ್ಞೆಯ ಭಾಷೆಯನ್ನೇ ಎತ್ಕೊಂಡು ಬರೆದವು. ಇವನ್ನ ಬರೆಯೋರು ಬೇಲಿಶಾಲೆ ಮೇಷ್ಟ್ರುಗಳೇ ಅಂತ ಅಧಿಕಾರಿಗಳಿಗೆ ಗುಮಾನಿ ಇತ್ತು, ನಂಗೂ ಅದು ತೀರಾ ತಪ್ಪು ಅನ್ಸಲ್ಲ, ಹಳ್ಳಿಯಲ್ಲಿ ಇಂಗ್ಲಿಷ್ ಬರೆಯೋ ಕೈ ಎಷ್ಟಿರುತ್ತೆ? ಹಗಲು ವಿನಯಪೂರ್ವಕ ಅರ್ಜಿ ಬರೆದ ಕೈಯೇ ರಾತ್ರಿ ಬೆದರಿಕೆ ಬರೆದಿರಬಹುದು. ಎರಡೂ ಥರದ ಕಾಗದ ಕೊನೆಗೆ ಬಂದು ಸೇರಿದ್ದು ಕ್ಯಾಸಲ್‌ಗೇ. ಹಾಗಾಗಿ ಬಗ್ಗಿದವರು ಬೇರೆ, ಬಂಡೆದ್ದವರು ಬೇರೆ ಅಂತ ನೀವು ಎರಡು ಜಾತಿ ಮಾಡಿದ್ರೆ ಆ ಹಳ್ಳಿ ನಿಮಗೆ ಅರ್ಥವಾಗಲ್ಲ. ಸರ್ಕಾರ 1822ರಲ್ಲಿ ಇನ್ಸರೆಕ್ಷನ್ ಆಕ್ಟ್ ತಂದಾಗ ಗಲಭೆ ಅಂತ ಘೋಷಿಸಿದ ಜಾಗದಲ್ಲಿ ಸೂರ್ಯ ಮುಳುಗಿದ ಮೇಲೆ ಮನೆ ಹೊರಗೆ ಸಿಕ್ಕವನಿಗೆ, ಜ್ಯೂರಿನೂ ಇಲ್ಲದೆ, ಹಡಗಲ್ಲಿ ದೂರದ ವಸಾಹತಿಗೆ ಏಳು ವರ್ಷ ಗಡೀಪಾರು ಹಾಕಬಹುದಿತ್ತು, ಆಗ ಮತ್ತೆ ಅರ್ಜಿ ಹೊತ್ಕೊಂಡು ಹೋಗ್ತಿದ್ದಿದ್ದು ಅವನ ತಾಯಿ, ಅವನ ಹೆಂಡತಿ.

ನಮ್ಮ ಮೈಸೂರು ಕಡೆಯವರಿಗೆ ಇಲ್ಲೊಂದು ವಿಷಯ ಹೇಳ್ಲೇಬೇಕು. ಈ ಅರ್ಜಿಗಳು ಯಾರ ಹೆಸರಿಗೆ ಹೋಗ್ತಿದ್ವು ಅಂತ ನೋಡಿದ್ರೆ ಎದೆ ಝಲ್ ಅನ್ನುತ್ತೆ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡ ಕಾರ್ನ್‌ವಾಲಿಸ್ 1798ರಿಂದ 1801ರವರೆಗೆ ಐರ್ಲೆಂಡಿನ ಲಾರ್ಡ್ ಲೆಫ್ಟಿನೆಂಟು. 1799ರ ಯುದ್ಧದ ಕಾಲದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ 1821ರ ಡಿಸೆಂಬರಿನಿಂದ 1828ರವರೆಗೆ ಅದೇ ಹುದ್ದೆಯಲ್ಲಿದ್ದ, ಬರಗಾಲದ ಎಷ್ಟೋ ಅರ್ಜಿಗಳು ಅವನ ಹೆಸರಿಗೇ. ಅವನ ತಮ್ಮ ಆರ್ಥರ್, ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಆಡಳಿತ ನೋಡ್ಕೊಂಡವನು, 1807ರಿಂದ 1809ರವರೆಗೆ ಇಲ್ಲಿ ಚೀಫ್ ಸೆಕ್ರೆಟರಿ. ಅಣ್ಣತಮ್ಮ ಇಬ್ಬರೂ ಹುಟ್ಟಿದ್ದು ಐರ್ಲೆಂಡಲ್ಲೇ.

ಹಾಗಾದ್ರೆ ಕೆಲಸ ಆಯ್ತಾ ಅಂತ ಇನ್ನೊಂದು ಪ್ರಶ್ನೆ ಹಿಂದೆನೇ ಬರುತ್ತೆ. ಬಹಳ ಸಲ ಆಗ್ಲಿಲ್ಲ. ಕಾಗದ ಬಂದ್ರೆ ನಂಬರ್ ಹಾಕಿ ರಿಜಿಸ್ಟರಲ್ಲಿ ಬರ್ಕೊಂಡು ಮಡಚಿ ಬೆನ್ನ ಮೇಲೆ ಎರಡು ಸಾಲು ಸಾರಾಂಶ. 1812ರಿಂದ ಸುಮಾರು ಎರಡು ದಶಕ ದಿನನಿತ್ಯದ ಕೆಲಸ ನೋಡಿದ್ದು ಅಂಡರ್ ಸೆಕ್ರೆಟರಿ ವಿಲಿಯಂ ಗ್ರೆಗರಿ, ಚೀಫ್ ಸೆಕ್ರೆಟರಿ ಲಂಡನ್‌ನಲ್ಲಿ ಪಾರ್ಲಿಮೆಂಟ್ ಇದ್ದಾಗ ಅಲ್ಲಿರ್ತಿದ್ದ. ಶಿಕ್ಷೆಯ ಅರ್ಜಿಯಾದ್ರೆ ತೀರ್ಪು ಕೊಟ್ಟ ಜಡ್ಜಿಗೇ ಕಳಿಸಿ ಅಭಿಪ್ರಾಯ ಕೇಳ್ತಿದ್ರು, ಕ್ಷಮೆ ಕೊಡೋ ಅಧಿಕಾರ ಲಾರ್ಡ್ ಲೆಫ್ಟಿನೆಂಟಿಗೆ. ಎಷ್ಟೋ ಕಾಗದದ ಮೇಲೆ ಕಾನೂನು ತನ್ನ ದಾರಿ ಹಿಡೀಲಿ ಅನ್ನೋ ಒಂದು ಸಾಲು, ಅಷ್ಟೇ. ಆದ್ರೆ ಗಲ್ಲು ತಪ್ಪಿ ಗಡೀಪಾರಾದವರು ಎಷ್ಟೋ ಜನ, ಶಿಕ್ಷೆ ಕಮ್ಮಿಯಾದವರೂ ಇದ್ದಾರೆ, ಆಸ್ಟ್ರೇಲಿಯಾಕ್ಕೆ ಹೋದ ಗಂಡನ ಹಿಂದೆ ಹೋಗೋಕೆ ಕೆಲವು ಹೆಂಗಸರಿಗೆ, ಮಕ್ಕಳಿಗೆ ಸರ್ಕಾರವೇ ಪುಕ್ಕಟೆ ಹಡಗು ಕೊಟ್ಟಿದೆ. ಯಾರಿಗಾದ್ರೂ ಒಬ್ಬರಿಗೆ ಆಗಿದೆ ಅಂತ ಊರಲ್ಲಿ ಗೊತ್ತಾದ್ರೆ ಮತ್ತೊಬ್ಬರು ಬರೆಯೋಕೆ ಅಷ್ಟು ಸಾಕು.

1922ರ ಜೂನ್ 30ಕ್ಕೆ ಐರ್ಲೆಂಡಿನ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ನ್ಯಾಯಾಲಯದ ಆವರಣದಲ್ಲಿ ಹಳೇ ಸರ್ಕಾರಿ ದಾಖಲೆ ಇಟ್ಟಿದ್ದ ಪಬ್ಲಿಕ್ ರೆಕಾರ್ಡ್ ಆಫೀಸ್ ಸುಟ್ಟುಹೋಯ್ತು. 1821ರ ಜನಗಣತಿಯಲ್ಲಿ ಸುಮಾರು 68 ಲಕ್ಷ ಜನರನ್ನ ಮನೆಮನೆ ಹೋಗಿ ಹೆಸರು ಬರ್ಕೊಂಡಿದ್ರು, ಅದರಲ್ಲಿ ಚೂರುಪಾರು ಬಿಟ್ರೆ ಎಲ್ಲ ಬೂದಿ. ಅರ್ಜಿಗಳು ಕ್ಯಾಸಲ್ ಗೋಪುರದಲ್ಲಿದ್ವು, ಉಳ್ಕೊಂಡ್ವು. ಈಗ ಬಿಷಪ್ ಸ್ಟ್ರೀಟಿನ ನ್ಯಾಷನಲ್ ಆರ್ಕೈವ್ಸಲ್ಲಿವೆ, ಒಂದು ಭಾಗದ ಕ್ಯಾಟಲಾಗು ಆನ್‌ಲೈನಲ್ಲಿ ಪುಕ್ಕಟೆ ಹುಡುಕಬಹುದು. ಗಡೀಪಾರಿನ ದಾಖಲೆಗಳ ಮೈಕ್ರೋಫಿಲ್ಮನ್ನ 1988ರಲ್ಲಿ ಐರ್ಲೆಂಡು ಆಸ್ಟ್ರೇಲಿಯಾಕ್ಕೆ ಉಡುಗೊರೆಯಾಗಿ ಕೊಡ್ತು, ಹಾಗಾಗಿ ಸಿಡ್ನಿಯಲ್ಲಿ ಕೂತು ತಮ್ಮ ಮುತ್ತಾತ ಯಾವ ತಪ್ಪಿಗೆ ಹಡಗು ಹತ್ತಿದ ಅಂತ ಹುಡುಕೋರಿಗೆ ಅವನ ಹೆಸರಿನ ಜೊತೆಗೆ, ಅವನನ್ನ ಬಿಡಿ ಅಂತ ಕ್ಯಾಸಲ್‌ಗೆ ಬರೆಸಿದ ಹೆಂಗಸಿನ ಹೆಸರೂ, ಅವಳ ಕ್ರಾಸ್ ಗುರುತೂ ಕೆಲವು ಸಲ ಸಿಕ್ಕಿಬಿಡುತ್ತೆ.