ಕೋಟಗಿರಿಯ ಚಹಾದಂಗಡಿಯಲ್ಲಿ ಅಜ್ಜಿ

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಮೈಸೂರಿನ ಮನೆಗೆ ಬೀಗ ಹಾಕಿ ಕೋಟಗಿರಿಗೆ ಹೊರಟೆವು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ತೆರೆಯುವಾಗ ಸಾಲಿನಲ್ಲಿ ನಾವೇ ಮೊದಲಿರಬೇಕೆಂಬುದು ಅಪ್ಪನ ಹಟ. ಸಿಕ್ಕಿದ್ದು ಹನ್ನೊಂದನೆಯ ಜಾಗ. ಅಮ್ಮ ಅಲ್ಲೇ ಪುಳಿಯೋಗರೆಯ ಡಬ್ಬಿ ಬಿಚ್ಚಿದರು. ಮಂಜು ಕಟ್ಟಿದ ಕಾರಿನ ಗಾಜಿನ ಮೇಲೆ ಮಗಳು ಬೆರಳಿನಿಂದ ಆನೆ ಬರೆದಳು. ಇಡೀ ಕಾಡಿನಲ್ಲಿ ನಮಗೆ ಕಂಡ ಆನೆ ಅದೊಂದೇ!

ಊಟಿಯ ಗದ್ದಲದ ಬಗ್ಗೆ ಹೇಳುವುದೇನಿಲ್ಲ, ದಾಟಿದೆವು. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಕೋಟಗಿರಿ ಮಾತ್ರ ಬೇರೆಯೇ ಲೋಕ. ಚಹಾ ತೋಟ, ಎಳೆಬಿಸಿಲು, ಹಾರ್ನ್ ಸದ್ದಿಲ್ಲದ ಬೀದಿ. ಅಂಗಡಿಯೊಂದರಲ್ಲಿ ಚಹಾ ಕುಡಿಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಬಿಳಿ ಬಟ್ಟೆಯ ವೃದ್ಧೆಯೊಬ್ಬರು ಕುಳಿತಿದ್ದರು. ಆಡುತ್ತಿದ್ದುದು ನೀಲಗಿರಿಯ ಬಡಗ ಜನರ, ಕನ್ನಡಕ್ಕೆ ಹತ್ತಿರದ ಬಡಗ ಭಾಷೆ. ಊರಿಗೆ ‘ಹಟ್ಟಿ’ ಎನ್ನುತ್ತಾರೆ, ಹಬ್ಬಕ್ಕೆ ಹಬ್ಬವೇ. ನಾನು ಕಲಿತಿದ್ದ ನಾಲ್ಕು ತಮಿಳು ಮಾತುಗಳನ್ನು ಹೊಂದಿಸಿಕೊಳ್ಳುವಷ್ಟರಲ್ಲಿ ನಂಜನಗೂಡಿನ ನಮ್ಮ ಅಜ್ಜಿ ಆಗಲೇ ಅವರೊಡನೆ ಮಂಡಿನೋವಿನ ವಿಚಾರಕ್ಕೆ ಇಳಿದಿದ್ದರು. ಬಡಗರ ಹಿರಿಯರು ಬಡಗಣದಿಂದ, ಅಂದರೆ ಉತ್ತರದ ಮೈಸೂರು ಸೀಮೆಯಿಂದ ಬಂದವರೆಂಬ ಮಾತಿದೆ. ಅವರ ಬಡಗು ಎಂದರೆ ನಮ್ಮ ಊರೇ ಎಂದು ಹೊಳೆದಾಗ ಕೈಯಲ್ಲಿದ್ದ ಲೋಟ ಅರೆಗಳಿಗೆ ಹಾಗೆಯೇ ನಿಂತಿತು.

ಅಪ್ಪ ಗಡಿಯಾರ ನೋಡಿ ಕಾರಿನ ಕೀ ಅಲ್ಲಾಡಿಸಿದರು. ಅಜ್ಜಿ ತಿರುಗಿಯೂ ನೋಡಲಿಲ್ಲ: “ಇನ್ನೆರಡು ಚಹಾ ಹೇಳಪ್ಪ, ಇವರ ಸೊಸೆಯ ವಿಷಯ ಈಗ ಶುರುವಾಗಿದೆ.”