ದೋಣಿಯಲ್ಲೊಂದು ತಲೆದಿಂಬು

ರಾತ್ರಿ ಎರಡೂವರೆ. ಅಮ್ಮನ ಪರೀಕ್ಷೆಯ ವರದಿ ನಾಳೆ ಕೈಗೆ ಬರುತ್ತದೆ. ನಿದ್ದೆಯಂತೂ ಬರುವ ಲಕ್ಷಣವಿಲ್ಲ. ಮೊಬೈಲ್‌ನಲ್ಲಿ ಕಾಯಿಲೆಯ ಹೆಸರುಗಳನ್ನು ಹುಡುಕಿ ಹುಡುಕಿ ಇನ್ನಷ್ಟು ಹೆದರಿಕೊಂಡೆ. ಈ ವಿಷಯದಲ್ಲಿ ನನ್ನಷ್ಟು ದಡ್ಡರು ಸಿಗುವುದು ಕಷ್ಟ.

ಕೊನೆಗೆ ಮೊಬೈಲ್ ಪಕ್ಕಕ್ಕಿಟ್ಟು ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯ ತೆರೆದೆ. ಬಿರುಗಾಳಿ, ದೋಣಿಯೊಳಗೆ ನುಗ್ಗುವ ನೀರು, ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ಮಲಗಿರುವ ಯೇಸುಸ್ವಾಮಿ. ಬೇರೆ ಸುವಾರ್ತೆಗಳಲ್ಲಿ ಮತ್ತಾಯ, ಲೂಕರೂ ಇದೇ ಘಟನೆಯನ್ನು ಹೇಳುತ್ತಾರೆ, ಆದರೆ ದಿಂಬಿನ ಮಾತು ಮಾರ್ಕನಲ್ಲಿ ಮಾತ್ರ ಇದೆ. ಎಷ್ಟು ಸಲ ಓದಿದ್ದರೂ ಇವತ್ತೇ ಅದು ಕಣ್ಣಿಗೆ ಬಿದ್ದದ್ದು!

ಶಿಷ್ಯರಲ್ಲಿ ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ ಕಸುಬಿನಿಂದಲೇ ಬೆಸ್ತರು. ನೀರಿನ ಮೇಲೆ ಬೆಳೆದವರೇ ಕಂಗಾಲಾಗಿದ್ದರು ಎಂದರೆ ಅಲೆಗಳು ಸುಳ್ಳಿನವಲ್ಲ. ನಾವು ಮುಳುಗುತ್ತಿರುವುದು ನಿನಗೆ ಚಿಂತೆಯೇ ಇಲ್ಲವೇ ಎಂದು ಅವರು ಸ್ವಾಮಿಯನ್ನು ಎಬ್ಬಿಸುತ್ತಾರೆ. ಪ್ರಾರ್ಥನೆಯೆನ್ನುವುದಕ್ಕಿಂತ ಅದು ಜಗಳವೇ ಸರಿ. ಅವರ ನಂಬಿಕೆಯ ಕೊರತೆಯನ್ನು ಸ್ವಾಮಿ ಆಮೇಲೆ ಕೇಳುತ್ತಾರೆ, ನಿಜ. ಆದರೆ ಮೊದಲು ಎದ್ದು ಗಾಳಿಯನ್ನು ಗದರಿಸುತ್ತಾರೆ. ಆ ಕ್ರಮವೇ ನನಗೆ ಹಿಡಿಸಿತು.

ಬಂಧನಕ್ಕೆ ಮುಂಚಿನ ರಾತ್ರಿ ಪ್ರಾರ್ಥಿಸಿದ ಗೆತ್ಸೆಮನೆ ತೋಟದಲ್ಲಿ ಸ್ವತಃ ಸ್ವಾಮಿಯೇ ತಲ್ಲಣಿಸಿದರಲ್ಲವೇ? ಹಾಗಿರುವಾಗ ಹೆದರಿದ್ದಕ್ಕೇ ನಾಚಿಕೊಳ್ಳುವುದನ್ನು ಬಿಟ್ಟೆ.

ನಾನೂ ಜಗಳವಾಡುವ ದನಿಯಲ್ಲೇ ಪ್ರಾರ್ಥಿಸಿದೆ. ಎದೆಬಡಿತ ಪೂರ್ತಿ ಇಳಿದಿಲ್ಲ, ಕೈನಡುಕ ಮಾತ್ರ ನಿಂತಿದೆ. ಬೆಳಿಗ್ಗೆ ಒಂಬತ್ತಕ್ಕೆ ಅಮ್ಮನ ಜೊತೆ ಹೊರಡಬೇಕು. ದಿಂಬನ್ನು ಸರಿಮಾಡಿಕೊಂಡು ಮಲಗುತ್ತೇನೆ.