ಬೂದು ಬಣ್ಣ ಬೂದಾಗೇ ಬರಬೇಕು

ಮನೆಯ 24 ಇಂಚಿನ ಪ್ರಿಂಟರ್‌ನಲ್ಲಿ ಮುಖಗಳೆಲ್ಲ ಇದ್ದಕ್ಕಿದ್ದ ಹಾಗೆ ಗುಲಾಬಿ-ನೇರಳೆಯಾಗಿ ಬರತೊಡಗಿದವು. ಇಂಥ ಹೊತ್ತಲ್ಲಿ ಫೋಟೊ ತಿದ್ದಲು ಹೋಗಬಾರದು. ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿಯೊಂದನ್ನು ಪ್ರಿಂಟ್ ಮಾಡಿದರೆ ಅರ್ಧ ಉತ್ತರ ಸಿಕ್ಕಂತೆ. ಇಂಕ್ ಚಿಮ್ಮುವ ರಂಧ್ರಗಳು ಕಟ್ಟಿಕೊಂಡಿವೆಯೇ ಎಂದು ತೋರಿಸುವ ನಾಝಲ್ ಚೆಕ್‌ನಲ್ಲಿ ಗೆರೆಗಳೆಲ್ಲ ಸರಿಯಾಗಿದ್ದವು, ಅಂದರೆ ಇಂಕಿನ ತೊಂದರೆಯಲ್ಲ. ಆದರೆ ಪಟ್ಟಿಯ ನಡುವಿನ ಬೂದು ಮೆಜೆಂಟಾ (ಗುಲಾಬಿ-ನೇರಳೆ) ಕಡೆಗೆ ವಾಲಿತ್ತು.

ಬಣ್ಣವನ್ನು ಎರಡು ಸಲ ಹೊಂದಿಸಿದಾಗ ಹೀಗಾಗುತ್ತದೆ. ಫೋಟೊ ಸಾಫ್ಟ್‌ವೇರ್ ಕಾಗದದ ಐಸಿಸಿ ಪ್ರೊಫೈಲ್ (ಆ ಪ್ರಿಂಟರ್-ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂದು ವಿವರಿಸುವ ಫೈಲ್) ನೋಡಿ ಒಮ್ಮೆ ಬದಲಿಸುತ್ತದೆ. ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ಸುಮ್ನೆ ಇರದೆ ಅದರ ಮೇಲೆ ಮತ್ತೆ ಬದಲಿಸುತ್ತದೆ. ಅಪ್‌ಡೇಟ್ ಆದಮೇಲೆ ಡ್ರೈವರ್‌ನ ಕಲರ್ ಸೆಟ್ಟಿಂಗ್ ತಾನಾಗಿಯೇ ಆನ್ ಆಗಿತ್ತು. ಆಫ್ ಮಾಡಿದೆ, ಪಟ್ಟಿ ಅಪ್ಪಟ ಬೂದಾಗಿ ಬಂತು. ಎಷ್ಟು ಖುಷಿಯಾಯ್ತು ಗೊತ್ತಾ!

ಡ್ರೈವರ್‌ನಲ್ಲಿ ಕಾಗದದ ಬಗೆ ಆರಿಸುವ ಮೀಡಿಯಾ ಟೈಪ್ ಕೂಡ ನೋಡಿ. ಕಾಗದದ ಮೇಲೆ ಎಷ್ಟು ಇಂಕ್ ಬೀಳಬೇಕು ಅನ್ನೋದು ಅದರಿಂದಲೇ ತೀರ್ಮಾನವಾಗುತ್ತದೆ. ಪ್ರೊಫೈಲ್ ತಯಾರಿಸುವಾಗ ಇದ್ದದ್ದೇ ಇರಬೇಕು. ಪ್ರಿಂಟ್ ಕಪ್ಪಾಗಿ ಬಂದರೆ ಮಾತ್ರ ಬೇರೆ ಕಥೆ: ಹೆಚ್ಚಾಗಿ ಮಾನಿಟರ್ ಬೆಳಕು ಜಾಸ್ತಿ ಇರುತ್ತದೆ, ಅದನ್ನು ನೋಡಿ ಫೋಟೊವನ್ನು ಮಂಕಾಗಿ ತಿದ್ದಿರುತ್ತೇವೆ.

ಮ್ಯಾಟ್ ಕಾಗದದಲ್ಲಿ ನೆರಳಿನ ಭಾಗ ಇನ್ನೂ ಸ್ವಲ್ಪ ವಿವರ ಕಾಣದಂತೆ ಮುಚ್ಚಿಕೊಳ್ಳುತ್ತಿದೆ. ಫೋಟೊದ ಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಆನ್ ಮಾಡಿ, ಪ್ರಿಂಟ್ ಹೇಗೆ ಬರಬಹುದೆಂದು ಪರದೆಯಲ್ಲೇ ತೋರಿಸುವ ಸಾಫ್ಟ್ ಪ್ರೂಫ್‌ನಲ್ಲಿ ನೋಡಿ, ಮುಂದಿನ ಪ್ರಿಂಟ್ ತೆಗೆಯುತ್ತೇನೆ.